ಹೊಟ್ಟೆ ಬಂದ ಗೋಡೆ

ಹಳೆಯ ವಾಲ್‌ಪೇಪರಿಗೆ ಬಿಸಿನೀರು ಹಚ್ಚಿ ಸ್ವಲ್ಪ ಹೊತ್ತು ಬಿಟ್ಟರೆ ಒಂದು ವಾಸನೆ ಏಳುತ್ತದೆ. ನಿನ್ನೆಯ ಗಂಜಿಯ ಪಾತ್ರೆಯನ್ನು ಮುಚ್ಚಿಟ್ಟು, ಮರೆತು, ಇವತ್ತು ಮಧ್ಯಾಹ್ನ ತೆರೆದ ಹಾಗೆ. ಈ ವಾರ ನನಗೆ ಮಣಿಪಾಲದ ಒಂದು ಫ್ಲ್ಯಾಟಿನಲ್ಲಿ ಕೆಲಸ. ಹಾಲ್‌ನ ಗೋಡೆಯ ಕಾಗದವನ್ನು ಮೂಲೆಯಿಂದ ಎಳೆದೆ. ಬಾಳೆದಿಂಡಿನ ಪದರದ ಹಾಗೆ ಒಂದು ಮಾರು ಉದ್ದ ಸುಲಿದು ಬಂತು, ಹಿಂದಿನಿಂದ ಆ ವಾಸನೆ. ನನಗೆ ನಗು ಬಂತು. ಯಾಕೆಂದು ಹೇಳುತ್ತೇನೆ. ಉಳಿದ ಕಾಗದ ನೆನೆಯಲಿಕ್ಕೆ ಹೇಗೂ ಹೊತ್ತು ಬೇಕು.

ನಾನು ಏಳನೇ ಕ್ಲಾಸಿಗೆ ಶಾಲೆ ಬಿಟ್ಟು ಬ್ರಷ್ ಹಿಡಿದವನು. ಅಲೆವೂರಿನಿಂದ ಕಾಪುವಿನವರೆಗೆ ನಾನು ಬಣ್ಣ ಕೊಟ್ಟ ಗೋಡೆಗಳನ್ನು ಸಾಲಾಗಿ ನಿಲ್ಲಿಸಿದರೆ ಸಮುದ್ರಕ್ಕೇ ಒಂದು ಆವರಣ ಆದೀತು ಎಂದು ನನ್ನ ಅಂದಾಜು. ಹೆಂಡತಿ ಸರೋಜ ಇದನ್ನು ಒಪ್ಪುವುದಿಲ್ಲ, ಅದು ಬೇರೆ ವಿಷಯ. ನಮ್ಮ ಕಸುಬಿನಲ್ಲಿ ಒಂದು ಪದ್ಧತಿ ಉಂಟು. ಬೇರೆಯವರು ಮಾಡಿದ ಗೋಡೆಯ ಮುಂದೆ ನಿಂತ ಕೂಡಲೇ ಬಾಯಿಂದ ಹೊರಡುವ ಮೊದಲ ಮಾತು, “ಇದನ್ನು ಮಾಡಿದ್ದು ಯಾರು?” ಪೇಂಟರ್ ಗಾರೆ ಮಾಡಿದವನನ್ನು ಬಯ್ಯುತ್ತಾನೆ, ಗಾರೆಯವನು ಕಲ್ಲು ಕಟ್ಟಿದವನನ್ನು, ಅವನು ಕಲ್ಲನ್ನು. ಕಲ್ಲಿಗೆ ಬಾಯಿಲ್ಲದ ಕಾರಣ ಜಗಳ ಅಲ್ಲಿಗೆ ನಿಲ್ಲುತ್ತದೆ. ಬಯ್ಯುವುದರಲ್ಲಿ ನಾನೇನೂ ಹಿಂದೆ ಬಿದ್ದವನಲ್ಲ.

ಪರ್ಕಳದಲ್ಲಿ ನಮ್ಮದೊಂದು ಸಣ್ಣ ಮನೆ. ಅದರ ಚಾವಡಿಯ ಗೋಡೆಗೆ ಗಾರೆ ಮಾಡಿದ್ದು ನಾನೇ. ಮೇಸ್ತ್ರಿಗಳು ಮಾಡುವುದನ್ನು ಅಷ್ಟು ವರ್ಷ ನೋಡಿದ್ದೇನೆ, ಅದರಲ್ಲಿ ಎಂತ ಉಂಟು ಎಂಬ ಜಂಭ. ಗೋಡೆ ಗಟ್ಟಿಯಾಗಿಯೇ ನಿಂತಿತು. ಆದರೆ ನಡುವೆ, ಮದುವೆಯೂಟ ಮುಗಿಸಿ ಕೂತವನ ಹೊಟ್ಟೆಯ ಹಾಗೆ, ಮುಂದಕ್ಕೆ ಬಂತು. ಇವತ್ತು ಸರಿ ಮಾಡುತ್ತೇನೆ, ನಾಳೆ ಮಾಡುತ್ತೇನೆ ಎನ್ನುತ್ತ, ಊರವರ ಗೋಡೆ ಉಜ್ಜುತ್ತ ಒಂಬತ್ತು ವರ್ಷ ಕಳೆದೆ.

ಆಗ ನಮ್ಮ ಮಗಳು ಶ್ವೇತಳನ್ನು ನೋಡಲಿಕ್ಕೆ ಕಾರ್ಕಳದಿಂದ ಬರುತ್ತೇವೆಂದು ಹೇಳಿ ಕಳುಹಿಸಿದರು. ಹುಡುಗ ಹುಡುಗಿ ಮೊದಲೇ ಒಪ್ಪಿಕೊಂಡಾಗಿತ್ತು; ಹಿರಿಯರು ಹೂಂ ಎನ್ನುವುದೊಂದೇ ಬಾಕಿ. ಹುಡುಗನ ತಂದೆ ವಿಠಲಣ್ಣ ಹೆಸರು ಪಡೆದ ಗಾರೆ ಮೇಸ್ತ್ರಿ. ನನಗಿದ್ದದ್ದು ನಾಲ್ಕು ದಿನ. ವಾಲ್‌ಪೇಪರ್ ಎಂದರೆ ಗೋಡೆಗೆ ಹಾಕಿದ ವೇಷ ಎಂದು ಕಂಡಕಂಡವರಿಗೆ ಹೇಳುತ್ತಿದ್ದ ನಾನೇ, ಯಾರದೋ ಮನೆಯಲ್ಲಿ ಕೆಲಸ ಮುಗಿದು ಉಳಿದಿದ್ದ ಸುರುಳಿಗಳನ್ನು ಕೇಳಿ ತಂದು ಅಂಟಿಸಿಬಿಟ್ಟೆ. ಅದು ಉದ್ದ ಗೆರೆಗಳ ಕಾಗದ. ಮೇಲಿನಿಂದ ನೇರವಾಗಿ ಇಳಿದ ಗೆರೆಗಳು ಹೊಟ್ಟೆಯ ಹತ್ತಿರ ಬಂದು ಹೊಳೆಯ ಹಾಗೆ ಬಳುಕಿದವು. ಮೊದಲು ಹೊಟ್ಟೆ ಮಾತ್ರ ಇತ್ತು, ಈಗ ಅದಕ್ಕೆ ಗುರುತೂ ಹಾಕಿದಂತಾಯಿತು.

ಬಂದವರು ಕುಳಿತರು. ಚಾ, ಗೋಳಿಬಜೆ ಬಂತು. ಎಲ್ಲರೂ ಶ್ವೇತಳನ್ನು ನೋಡುತ್ತಿದ್ದರೆ ವಿಠಲಣ್ಣ ಗೋಡೆಯನ್ನು ನೋಡುತ್ತಿದ್ದರು. ಎದ್ದು ಹೋಗಿ ಅಂಗೈ ಇಟ್ಟು ಸವರಿದರು. ಕಾಗದದ ಕೆಳಗೆ ಸಿಕ್ಕಿಕೊಂಡಿದ್ದ ಗಾಳಿ ಚರಚರ ಎಂದಿತು.

“ಇದನ್ನು ಮಾಡಿದ್ದು ಯಾರು?”

“ಯಾರೋ ಒಬ್ಬ ಮೇಸ್ತ್ರಿ, ಮಾರಾಯ್ರೆ,” ಎಂದೆ. “ಈಗಿನ ಮೇಸ್ತ್ರಿಗಳಿಗೆ ತೂಗುಗುಂಡು ಇಳಿಬಿಟ್ಟು ಗೋಡೆ ನೇರ ಉಂಟಾ ಅಂತ ನೋಡಲಿಕ್ಕೇ ಗೊತ್ತಿಲ್ಲ.”

ಯಾರ ಹತ್ತಿರ ಇದನ್ನು ಹೇಳಿದೆ ಎನ್ನುವುದು ಹೇಳಿದ ಮೇಲೆ ತಿಳಿಯಿತು. ವಿಠಲಣ್ಣ ಬಂದು ಕೂತರು. ಚಾದ ಲೋಟವನ್ನು ಕುಡಿಯದೆ ಆಚೆ ಸರಿಸಿದರು. “ನಾನೂ ಈಗಿನವನೇ,” ಎಂದರು. ಶ್ವೇತ ತಲೆ ಎತ್ತಿ ನನ್ನನ್ನೇ ನೋಡಿದಳು. ಸಿಟ್ಟಿನ ನೋಟವಲ್ಲ; ಸಿಟ್ಟಾಗಿದ್ದರೆ ತಡೆದುಕೊಳ್ಳುತ್ತಿದ್ದೆ. ಕೂಡಿಬಂದ ಸಂಬಂಧ ನನ್ನ ನಾಲಿಗೆಯಿಂದ ತಪ್ಪಿ ಹೋಗುವುದರಲ್ಲಿತ್ತು.

ಸಿಮೆಂಟಿನ ಮೂಟೆ ಹೊತ್ತು ಮೂರು ಮಹಡಿ ಹತ್ತಿದವನು ನಾನು. ಈಗ ಹೇಳಬೇಕಾದ ಒಂದು ಮಾತು ಅದಕ್ಕಿಂತ ಭಾರವಾಯಿತು.

“ಯಾವ ಮೇಸ್ತ್ರಿಯೂ ಅಲ್ಲ ವಿಠಲಣ್ಣ. ನಾನೇ ಮಾಡಿದ್ದು. ಗೊತ್ತಿಲ್ಲದ ಕೆಲಸಕ್ಕೆ ಕೈ ಹಾಕಿದೆ. ನೀವು ಬರ್ತೀರಿ ಅಂತ ಕಾಗದ ಅಂಟಿಸಿದೆ.”

ಅಡಿಗೆಮನೆಯ ಬಾಗಿಲಿನಿಂದ ಸರೋಜಳ ದನಿ: “ಅಂತೂ ಹೇಳಿದರಲ್ಲ. ಒಂಬತ್ತು ವರ್ಷದಿಂದ ನಾನು ಇದನ್ನು ಕೇಳಲಿಕ್ಕೆ ಕಾಯ್ತಾ ಇದ್ದೇನೆ.”

ವಿಠಲಣ್ಣ ಮೊದಲು ಮೀಸೆಯೊಳಗೆ ನಕ್ಕರು, ಆಮೇಲೆ ದೊಡ್ಡದಾಗಿಯೇ ನಕ್ಕರು. “ಮೇಸ್ತ್ರಿ ಮಾಡಿದ್ದಾದರೆ ನನಗೆ ನಾಚಿಕೆ ಆಗಬೇಕಿತ್ತು. ಪೇಂಟರ್ ಮಾಡಿದ್ದಕ್ಕೆ ಇದು ಅಡ್ಡಿಯಿಲ್ಲ. ಕಾಗದ ತೆಗೆದಿಡಿ, ಭಾನುವಾರ ನಾನು ಗಾರೆ ಎಳೆಯುವ ಕರಣೆ ತರ್ತೇನೆ.” ಲೋಟವನ್ನು ಹತ್ತಿರ ಎಳೆದುಕೊಂಡರು. ಚಾ ಆರಿತ್ತು, ಆದರೂ ಪೂರ್ತಿ ಕುಡಿದರು.

ಭಾನುವಾರ ಬಂದವರೇ ಗಾರೆ ಕಲಸಲಿಕ್ಕೆ ಹೊರಟರು. ಈಗ ತಡೆಯುವ ಸರದಿ ನನ್ನದು. ಗೋಡೆಗೆ ನೀರು ಚಿಮುಕಿಸಿ ಅವರ ಕೈಯನ್ನು ಅದರ ಮೇಲೆ ಇಡಿಸಿದೆ. ಲೋಳೆಯ ಹಾಗೆ ಜಾರಿತು. “ಕಾಗದ ಹೋದರೂ ಅಂಟು ಹೋಗುವುದಿಲ್ಲ. ಇದರ ಮೇಲೆ ಎಂತ ಹಾಕಿದರೂ ಮಳೆಗಾಲಕ್ಕೆ ಹಪ್ಪಳದ ಹಾಗೆ ಏಳ್ತದೆ. ಮೂರು ಸಲ ತೊಳೆಯಬೇಕು, ಒಣಗಬೇಕು.”

ವಿಠಲಣ್ಣ ಕರಣೆ ಕೆಳಗಿಟ್ಟರು. “ಇದು ನನಗೆ ಗೊತ್ತಿರಲಿಲ್ಲ,” ಎಂದರು. ನನಗೆ ಒಂಬತ್ತು ವರ್ಷ ಹಿಡಿದ ಮಾತು ಅವರಿಗೆ ಒಂದೇ ಉಸಿರಿಗೆ ಬಂತು.

ಮುಂದಿನ ಭಾನುವಾರ ಅವರು ಉಬ್ಬಿನ ನೆತ್ತಿಯನ್ನು ಮಾತ್ರ ಉಳಿಯಿಂದ ಕೆತ್ತಿ, ಸುತ್ತಲೂ ತೆಳ್ಳಗೆ ಗಾರೆ ಎಳೆದರು. “ಹೊಟ್ಟೆಯನ್ನು ಪೂರ್ತಿ ಕಡಿಯಲಿಕ್ಕೆ ಹೋಗಬಾರದು ಭಾವ. ಇಡೀ ಗೋಡೆಗೆ ಹಂಚಿಬಿಡಬೇಕು. ಎಲ್ಲಿ ಶುರುವಾಯ್ತು ಅಂತ ಕಣ್ಣಿಗೆ ಸಿಗದಿದ್ದರೆ ಸಾಕು.” ಬೀಗರಾಗುವವರು ನನ್ನನ್ನು ಭಾವ ಎಂದು ಕರೆದದ್ದು ಅವತ್ತೇ ಮೊದಲು. ಮೇಲಿನ ಪುಟ್ಟಿ, ಪ್ರೈಮರ್, ಬಣ್ಣ ನನ್ನದು. ಆ ಗೋಡೆಯ ಮುಂದೆಯೇ ನಿಶ್ಚಿತಾರ್ಥವಾಯಿತು.

ಇರಲಿ. ಫ್ಲ್ಯಾಟಿನ ಕಾಗದ ನೆನೆದಿತ್ತು. ಪೂರ್ತಿ ಸುಲಿದು, ಅಂಟನ್ನು ಒಂದು ಸಲ ತೊಳೆದು, ಬಲ್ಬನ್ನು ಗೋಡೆಗೆ ತಾಗಿಸಿ ಓರೆಯಾಗಿ ಹಿಡಿದೆ. ಗೋಡೆಯ ಗುಟ್ಟೆಲ್ಲ ನೆರಳಾಗಿ ಬಿತ್ತು. ಕಿಟಕಿಯ ಪಕ್ಕದಲ್ಲಿ ಒಂದು ದೊಡ್ಡ ಗುಳಿ.

“ಯಾರು ಮಾಡಿದ್ದೋ, ಎಷ್ಟು ಕೆಟ್ಟದಾಗಿ ಮಾಡಿದ್ದಾರೆ ಅಲ್ವಾ?” ಎಂದರು ಮನೆಯ ಮೇಡಂ.

ನಾಲಿಗೆ ಹಳೆಯ ಅಭ್ಯಾಸಕ್ಕೆ ಹೊರಟಿತ್ತು. ಕರೆದು ಕೂರಿಸಿದೆ. “ಗೋಡೆ ಗಟ್ಟಿ ಉಂಟು ಮೇಡಂ. ಆ ಗುಳಿ ಮಾತ್ರ ನನ್ನ ಪುಟ್ಟಿಗೆ ಆಗುವಂಥದ್ದಲ್ಲ, ದಪ್ಪ ಹಾಕಿದರೆ ಬಿರಿಯುತ್ತದೆ. ಅದನ್ನು ಬಲ್ಲವರು ಒಬ್ಬರಿದ್ದಾರೆ.”

ಕಾರ್ಕಳಕ್ಕೆ ಫೋನ್ ಮಾಡಿ ಗುಳಿಯ ವಿಷಯ ಹೇಳಿದೆ.

“ಎಷ್ಟು ಆಳ ಭಾವ?”

“ಒಂದು ಬೆರಳು.”

“ನೀವು ಮುಟ್ಟಬೇಡಿ, ನಾಡಿದ್ದು ಬರ್ತೇನೆ. ಅಂಟು ತೊಳೆದಾಯ್ತಾ?”

“ಒಂದು ಸಲ.”

“ಇನ್ನೆರಡು ಉಂಟು,” ಎಂದರು ವಿಠಲಣ್ಣ.

ನಾನು ಬಕೆಟ್ಟಿನ ನೀರು ಚೆಲ್ಲಿ ಹೊಸ ನೀರು ಹಿಡಿದೆ.