ಎರಡು ಕಡೆಯಿಂದಲೂ ಒಂದೇ

ಆಗೆಲ್ಲ ಶಿಡ್ಲಘಟ್ಟದ ನಮ್ಮ ಬೀದಿಗೆ ಕಾಲಿಟ್ಟರೆ ಮೊದಲು ಮೂಗಿಗೆ ಬಡಿಯುತ್ತಿದ್ದದ್ದು ಬೇಯುವ ರೇಷ್ಮೆಗೂಡಿನ ವಾಸನೆ. ಹೊರಗಿನವರು ಮೂಗು ಮುಚ್ಚಿಕೊಳ್ಳುತ್ತಿದ್ದರು, ನಮಗೆ ಅದೇ ಊರಿನ ಗಾಳಿ. ನಮ್ಮ ಮನೆಯಲ್ಲಿ ಹುಳ ಸಾಕಿ ಗೂಡು ಕಟ್ಟಿಸುತ್ತಿದ್ದರು. ಎದುರುಮನೆಯ ಜಮೀಲಾಳ ಅಬ್ಬಾ ಆ ಗೂಡನ್ನು ಬೇಯಿಸಿ ಚರಕದಲ್ಲಿ ನೂಲು ತೆಗೆಯುತ್ತಿದ್ದರು.

ಜಮೀಲಾ, ನಾನು ಇಬ್ಬರೂ ಏಳನೇ ಕ್ಲಾಸು. ಅವಳು ನಾಲ್ಕರವರೆಗೆ ಉರ್ದು ಶಾಲೆಯಲ್ಲಿ ಓದಿ ನಮ್ಮ ಶಾಲೆಗೆ ಬಂದವಳು. ಆ ಅವರೆಕಾಯಿ ಕಾಲದಲ್ಲಿ ಲೆಕ್ಕದ ಮೇಷ್ಟ್ರು ಒಂದು ಚಮತ್ಕಾರ ತೋರಿಸಿದರು. 11ನ್ನು 11ರಿಂದ ಗುಣಿಸಿದರೆ 121. 111ನ್ನು 111ರಿಂದ ಗುಣಿಸಿದರೆ 12321. ಹೀಗೇ ಒಂಬತ್ತು ಒಂದುಗಳವರೆಗೆ ಹೋದರೆ 12345678987654321. ಹಿಂದಿನಿಂದ ಓದಿ, ಮುಂದಿನಿಂದ ಓದಿ, ಒಂದೇ.

ನಮಗೆ ಹುಚ್ಚು ಹಿಡಿಯಿತು. ಅವಳ ಮನೆ ಜಗುಲಿಯ ಮೇಲೆ ಇದ್ದಿಲು ಹಿಡಿದು ನಾನು ಎಡದಿಂದ ಬರೆದುಕೊಂಡು ಬರುವುದು, ಅವಳು ಬಲದಿಂದ.

"ಉರ್ದು ಕೈ ಕಣೇ ನಂದು, ಈ ಕಡೆಯಿಂದಾನೇ ಓಡೋದು" ಅನ್ನುತ್ತಿದ್ದಳು.

ನಡುವಿನ ಒಂಬತ್ತನ್ನು ಮೊದಲು ಮುಟ್ಟಿದವರಿಗೆ ಹುರಿದ ಹಿತಕಿದಬೇಳೆ ಒಂದು ಹಿಡಿ ಹೆಚ್ಚು. ಹೆಚ್ಚಿನ ಹಿಡಿಯೆಲ್ಲ ಅವಳದೇ.

ಅಷ್ಟರಲ್ಲಿ ಅವಳ ಅಕ್ಕನಿಗೆ ಮದುವೆ ಗೊತ್ತಾಯಿತು. ಚರಕದ ಮುಂದೆ ಕೂರಲು ಇನ್ನೊಂದು ಜೊತೆ ಕೈ ಬೇಕಿತ್ತು.

"ಏಳನೇದು ಮುಗೀಲಿ ಬೇಟಿ, ಸಾಕು" ಅಂದರು ಅಬ್ಬಾ. ಗದರಿದ್ದರೆ ಜಗಳವಾಡಬಹುದಿತ್ತು. ಅವರು ಮೆಲ್ಲಗೆ ಅಂದರು.

ದೊಡ್ಡವರ ಮುಂದೆ ಮಾತು ನಡೆಯದಿದ್ದಾಗ ಮಕ್ಕಳು ದೇವರಿಗೆ ಹರಕೆ ಹೊರುತ್ತಾರೆ. ನಮಗಿದ್ದದ್ದು ಎರಡು ದೇವರು. ತಂಟೆಯೇ ಬೇಡವೆಂದು ಲೆಕ್ಕಕ್ಕೇ ಹೊತ್ತೆವು.

"ಹತ್ತು ಒಂದು ಇಟ್ಟು ಗುಣಿಸಣ. ಆಗಲೂ ಎರಡು ಕಡೆಯಿಂದ ಒಂದೇ ಬಂದ್ರೆ ಇಬ್ಬರೂ ಹೈಸ್ಕೂಲಿಗೆ ಹೋಗ್ತೀವಿ" ಅಂದೆ.

ಜಮೀಲಾ ಕಣ್ಣು ಮುಚ್ಚಿ ಏನೋ ಹೇಳಿಕೊಂಡು, "ಹೂಂ, ಬರಿ" ಅಂದಳು.

ಜಗುಲಿಯೆಲ್ಲ ಕಪ್ಪಾಯಿತು. ಕೂಡುವಾಗ ನಡುವೆ ಹತ್ತು ಬಂದುಬಿಟ್ಟಿತು. ಸೊನ್ನೆ ಬರೆದು ಒಂದನ್ನು ಎಡಕ್ಕೆ ಸಾಗಿಸಬೇಕು. ಸಾಗಿಸಿದರೆ ಸಾಲು ಕೆಡುತ್ತದೆ.

"ದಶಕ ಬಿಟ್ಬಿಡೇ, ಯಾರು ನೋಡ್ತಾರೆ?" ಅಂದೆ.

"ನಾನು ನೋಡ್ತಿದೀನಲ್ಲ" ಅಂದಳು. ಅವಳೇ ಸಾಗಿಸಿದಳು. 1234567900987654321. ಎರಡು ಕಡೆಯಿಂದ ಒಂದೇ ಇರಲಿಲ್ಲ. ದುಪಟ್ಟಾಕ್ಕೆ ಕೈ ಒರೆಸಿಕೊಂಡು ಒಳಗೆ ಹೋದಳು. ನನಗೆ ಲೆಕ್ಕದ ಮೇಲೆ ಅಳು ಬರುವಷ್ಟು ಸಿಟ್ಟು ಬಂತು.

ಬೇಸಿಗೆ ಕಳೆದ ಮೇಲೆ ನಾನು ಎಂಟನೇ ಕ್ಲಾಸಿಗೆ ಹೈಸ್ಕೂಲು ಸೇರಿದೆ. ಅವಳು ಬಿಸಿನೀರಿನಲ್ಲಿ ಬೆರಳದ್ದಿ ಎಳೆ ಹುಡುಕುತ್ತಾ ಕೂತಳು. ಮುಂದೆ ಮದುವೆಯಾಗಿ ಚಿಂತಾಮಣಿಗೆ ಹೋದಳು, ಮತ್ತೆ ಕಾಣಲಿಲ್ಲ. ಎದುರುಮನೆಗೆ ಈಗ ಜಗುಲಿಯಿಲ್ಲ, ಕಾಂಪೌಂಡು ಎದ್ದಿದೆ. ಅವರ ಮನೆಯ ಹುಡುಗಿ ನಮ್ಮ ಮನೆಯ ಹುಡುಗಿಯೊಂದಿಗೆ ಕೂತು ಬರೆಯುವಂಥ ಜಾಗ ಬೀದಿಯಲ್ಲೇ ಉಳಿದಿಲ್ಲ.

ಮೊನ್ನೆ ಮೊಮ್ಮಗಳಿಗೆ ತೋರಿಸಲೆಂದು ಆ ಲೆಕ್ಕವನ್ನು ಮತ್ತೆ ಮಾಡಿದೆ. ಅಂದು ನಾವಿಬ್ಬರೂ ಗಮನಿಸದೇ ಹೋದದ್ದು ಈಗ ಕಂಡಿತು. ಬಲದಿಂದ, ಅವಳ ಕಡೆಯಿಂದ ಓದಿದರೆ ಒಂದರಿಂದ ಒಂಬತ್ತರವರೆಗೆ ಎಲ್ಲವೂ ಇದೆ. ಎಂಟು ಬಿಟ್ಟುಹೋಗಿರುವುದು ನನ್ನ ಕಡೆಯಲ್ಲಿ. ಶಾಲೆ ಬಿಟ್ಟವಳು ಮಾತ್ರ ಅವಳು.