ಅಡ್ಡ ಬರುವ ಚಿಂಗಿ

ದಿನವಿಡೀ ಜೋಳದ ಚೀಲದ ಮೇಲೆ ಯೋಗನಿದ್ರೆಯಲ್ಲಿರುವ ಬೆಕ್ಕಿಗೆ, ನನ್ನ ಪಾದವು ಚಪ್ಪಲಿಯನ್ನು ಪ್ರವೇಶಿಸುವ ಮುಹೂರ್ತದಲ್ಲಿಯೇ ಹೊಸ್ತಿಲಿನಾಚೆಯ ತುರ್ತು ಕೆಲಸವೊಂದು ನೆನಪಾಗುವುದೇಕೆ ಎಂಬುದು, ಓದುಗ ಮಹಾಶಯರೇ, ನನಗೆ ಇಂದಿಗೂ ಬಿಡಿಸಲಾಗದ ಒಗಟು. ನಮ್ಮ ಚಿಂಗಿ ಎದ್ದು, ಮೈಮುರಿದು, ತಪಾಸಣೆಗೆ ಬಂದ ಅಧಿಕಾರಿಯ ಗಾಂಭೀರ್ಯದಿಂದ ನನ್ನ ಮುಂದೆ ಬಲದಿಂದ ಎಡಕ್ಕೆ ದಾಟುತ್ತಿದ್ದಳು. ಎಡಕ್ಕೆ ಹೋಗಿ ಮಾಡುತ್ತಿದ್ದುದೇನು? ಮತ್ತೆ ಮಲಗುವುದು.

ಎಲ್ಲರ ಕಿಸೆಗೂ ಮೊಬೈಲು ಬಂದು, ಮಾತಿಗಿಂತ ಮಿಸ್ಡ್ ಕಾಲುಗಳೇ ಹೆಚ್ಚಾಗಿದ್ದ ಕಾಲವದು. ನಾನು ಬೇಡಕಿಹಾಳದ ಮನೆಯಿಂದ ಚಿಕ್ಕೋಡಿಯ ಕಚೇರಿಗೆ ಬಸ್ಸಿನಲ್ಲಿ ಓಡಾಡುತ್ತಿದ್ದೆ. ಬೆಕ್ಕು ಅಡ್ಡ ಬಂದರೆ ಕುಳಿತು, ನೀರು ಕುಡಿದು, ಬೇರೊಬ್ಬರು ಆ ದಾರಿ ದಾಟಿದ ಮೇಲೆಯೇ ಹೊರಡಬೇಕೆಂಬುದು ಅವ್ವನ ಅಲಂಘ್ಯ ಶಾಸನ. ನಾನು ಭಕ್ತಿಯಿಂದ ನೀರು ಕುಡಿಯುವಷ್ಟರಲ್ಲಿ ಬಸ್ಸು ಧೂಳೆಬ್ಬಿಸಿ ಮಾಯವಾಗುತ್ತಿತ್ತು. ಇದೇ ಕಾರಣವನ್ನು ಕೇಳಿ ಕೇಳಿ ಬೇಸತ್ತ ಸಾಹೇಬರು, ನಾಳೆಯಿಂದ ಬೆಕ್ಕನ್ನೇ ಕೆಲಸಕ್ಕೆ ಕಳಿಸಿರೆಂದ ದಿನ ಅವ್ವ ಶಾಸನಕ್ಕೆ ತಿದ್ದುಪಡಿ ತಂದಳು.

“ಮನಿ ಬೆಕ್ಕಿನ ಅಪಶಕುನ ಹಿಡ್ಯಾಂಗಿಲ್ಲಪಾ. ಅದೂ ಮನಿ ಮಂದಿನ. ಮನಿ ಮಂದಿ ಅಡ್ಡ ಬರಲಾರ್ದ ಮತ್ಯಾರ ಬರ್ತಾರ?”

ಈ ತಿದ್ದುಪಡಿಯ ನಿಜವಾದ ಪರೀಕ್ಷೆಯಾದದ್ದು ತಂಗಿ ಸುನಂದಾಳನ್ನು ನೋಡಲು ಮುಗಳಖೋಡದವರು ಬಂದಾಗ. ಅದುವರೆಗೆ ಬಂದ ವರಗಳಿಗೆಲ್ಲ ಒಂದೊಂದು ಕೊಂಕು ತೆಗೆದಿದ್ದ ಸುನಂದಾ, ಈ ಹುಡುಗನ ಫೋಟೋ ನೋಡಿದಂದಿನಿಂದ ವಿನಾಕಾರಣ ಹಾಡು ಗುನುಗುತ್ತಿದ್ದಳು. ಈ ಸಂಬಂಧ ಕೂಡಲೇಬೇಕೆಂದು ಅವಳಿಗಿಂತ ಹೆಚ್ಚಾಗಿ ನಾನು ಹಂಬಲಿಸುತ್ತಿದ್ದೆ. ಶಿರಾ ತಯಾರಾಗಿತ್ತು, ಚಹಾ ಕುದಿಯುತ್ತಿತ್ತು. ಜೀಪು ಬಂತು. ಎಲ್ಲರಿಗಿಂತ ಮುಂದೆ ಹುಡುಗನ ಸೋದರತ್ತೆ ಇಳಿದರು; ಆ ಮನೆಯಲ್ಲಿ ಅವರ ಮಾತೇ ಕೊನೆಯ ಮಾತೆಂಬುದು ಅವರು ಇಳಿದ ಠೀವಿಯಲ್ಲಿಯೇ ತಿಳಿಯುತ್ತಿತ್ತು. ಅವರು ಹೊಸ್ತಿಲಿಗೆ ಬಲಗಾಲು ಎತ್ತಿದರು.

ಚಿಂಗಿ ದಾಟಿದಳು.

ಎತ್ತಿದ ಕಾಲು ಹಿಂದಕ್ಕೆ ಹೋಯಿತು. “ಯಾರರೆ ಮೊದಲ ದಾಟ್ರಿ, ಆಮ್ಯಾಲ ನಾ ಬರ್ತೀನಿ” ಎಂದು ಅತ್ತೆ ಬಿಸಿಲಿನಲ್ಲಿಯೇ ಸ್ಥಾಪಿತರಾದರು. ದಾಟುವವರಾರು? ಅವರ ಕಡೆಯವರು ಪರಸ್ಪರ ಮರ್ಯಾದೆಯಿಂದ ದಾರಿ ಬಿಟ್ಟುಕೊಡತೊಡಗಿದರು. ಜೀಪಿನ ಹಿಂದೆ ಕಬ್ಬಿನ ಟ್ರ್ಯಾಕ್ಟರೊಂದು ಬಂದು ನಿಂತಿತು, ಅದರ ಹಿಂದೆ ಹಾಲಿನ ಕ್ಯಾನು ಕಟ್ಟಿದ ಮೋಟರ್‌ಸೈಕಲ್ಲು. ಹಾಲಿನವನಿಗೆ ಹಾಲು ಒಡೆಯುವ ಚಿಂತೆ, ನನಗೆ ಸಂಬಂಧ ಒಡೆಯುವ ಚಿಂತೆ.

ಅವ್ವ ತನ್ನ ಕಾಯಿದೆಯನ್ನು ಮುಂದಿಟ್ಟಳು: “ಅದು ನಮ್ಮ ಮನಿ ಬೆಕ್ಕರಿ, ಅದಕ್ಕ ಶಕುನ ಇಲ್ಲ.”

“ನಿಮಗ ಮನಿ ಬೆಕ್ಕರಿ. ನಮಗ ಪರರ ಮನೀದ ಅಲ್ಲೇನ್ರಿ?”

ಚಿಕ್ಕೋಡಿಯ ವಕೀಲರೂ ತಲೆದೂಗುವಂಥ ವಾದ! ಪರದೆಯ ಹಿಂದೆ ಸುನಂದಾಳ ಮುಖ ಬಾಡಿದ್ದನ್ನು ಕಂಡು, ಹಾಳು ಬೆಕ್ಕನ್ನು ಇಂದೇ ಎಲ್ಲಾದರೂ ಬಿಟ್ಟುಬರುತ್ತೇನೆಂದು ನಾನು ಹಲ್ಲು ಕಚ್ಚಿದೆ. ಅಷ್ಟರಲ್ಲಿ, ಕರೆಯುವವರೆಗೆ ಹೊರಗೆ ಬರಬಾರದಾದ ಹುಡುಗಿ ತಾನಾಗಿಯೇ ನೀರಿನ ತಂಬಿಗೆ ಹಿಡಿದು ಬಂದುಬಿಟ್ಟಳು.

“ಅತ್ತಿಯಾರ, ನೀರ ಕುಡೀರಿ. ಬೆಕ್ಕ ಈಗ ನಮ್ಮದ ಖರೆ, ನೀವು ಹೂಂ ಅಂದ್ರ ನಿಮ್ಮದೂ ಆಕ್ಕೈತಿ. ಆಮ್ಯಾಲ ಅದು ಅಡ್ಡ ಬಂದ್ರೂ ನಡೀತೈತಿ.”

ಓಣಿಯಲ್ಲಿ ಟ್ರ್ಯಾಕ್ಟರೂ ಉಸಿರು ಬಿಗಿಹಿಡಿದಂತಿತ್ತು. ಅತ್ತೆ ಹುಡುಗಿಯನ್ನು ನೋಡಿದರು, ಹೊಸ್ತಿಲ ಪಕ್ಕದಲ್ಲಿ ಆಗಲೇ ಮಲಗಿದ್ದ ಚಿಂಗಿಯನ್ನು ನೋಡಿದರು, ನೀರನ್ನು ಗಟಗಟನೆ ಕುಡಿದರು.

“ಅಂದ್ರ, ಒಳಗ ಕಾಲಿಡಬೇಕಂದ್ರ ಮೊದಲ ಹೂಂ ಅನ್ನಬೇಕೇನ ಬೇ?” ಎಂದು ಹೊಟ್ಟೆ ಹಿಡಿದುಕೊಂಡು ನಕ್ಕರು; ನಗುತ್ತಲೇ ಕಾಲಿಟ್ಟರು. ಹಿಂದೆಯೇ ಆತುರದಿಂದ ಬಂದ ಹುಡುಗ ಚಿಂಗಿಯ ಬಾಲ ತುಳಿದ. ಅವಳ ಆರ್ತನಾದವನ್ನೇ ಮಂಗಳವಾದ್ಯವೆಂದು ಭಾವಿಸಿ ನಾವು ಶಿರಾ ಬಡಿಸಿದೆವು.

ಮದುವೆ ಮುಗಿಸಿ ಹೊರಡುವಾಗ ಸುನಂದಾ ಮಾತಿಗೆ ತಪ್ಪದೆ ಚಿಂಗಿಯನ್ನು ಬುಟ್ಟಿಯಲ್ಲಿ ಒಯ್ದಳು. ಈಗ ಮುಗಳಖೋಡದಿಂದ ಅತ್ತೆಯವರ ಫೋನು ಬರುತ್ತದೆ: “ನಮ್ಮ ಚಿಂಗಿ ಇವತ್ತೂ ಅಡ್ಡ ಬಂದ್ಲು ನೋಡ್ರಿ!” ದೂರಿಗಿಂತ ಅದರಲ್ಲಿ ಜಂಬವೇ ಹೆಚ್ಚು.

ಇತ್ತ ನನ್ನ ಪಾಡು ಕೇಳಿ. ಚಪ್ಪಲಿ ಮೆಟ್ಟಿದರೆ ಕಾಲು ಮುಂದೆ ಹೋಗುವುದಿಲ್ಲ. ಖಾಲಿ ಹೊಸ್ತಿಲಿನಲ್ಲಿ ನಿಂತು ಬಲಕ್ಕೊಮ್ಮೆ ಎಡಕ್ಕೊಮ್ಮೆ ನೋಡುತ್ತೇನೆ. ಚೀಲದ ಮೇಲೆ ಬೆಕ್ಕಿಲ್ಲ, ಒಳಗೆ ಗುನುಗುವ ತಂಗಿಯೂ ಇಲ್ಲ. ಮನೆ ಬಣಬಣ ಎನ್ನುತ್ತದೆ. ಮೊನ್ನೆ ಹೀಗೆಯೇ ನಿಂತಿದ್ದಾಗ ಅವ್ವ ಅಡುಗೆಮನೆಯಿಂದ ಬಂದಳು, ನನ್ನ ಮುಖ ನೋಡಿದಳು, ಸೆರಗು ಸರಿಮಾಡಿಕೊಂಡು ನನ್ನ ಮುಂದೆ ಬಲದಿಂದ ಎಡಕ್ಕೆ ಸಾವಕಾಶ ದಾಟಿದಳು.

“ಆತೇನಪಾ? ಹೋಗಿನ್ನ.”