ಬಸುರಿನ ಬಣ್ಣ

ಸಿಂಗಾನಲ್ಲೂರಿನಲ್ಲಿ ನಮ್ಮ ಮನೆಯ ಕೆಳಗೆ ಬ್ಯೂಟಿ ಪಾರ್ಲರ್ ಇಟ್ಟಿದ್ದ ಅಕ್ಕ ಬಸುರಿಯಾದಾಗ ಅವಳ ಹಣೆ, ಕೆನ್ನೆಗಳ ಮೇಲೆ ಕಂದು ಕಲೆಗಳು ಹರಡಿದವು. ಕುತ್ತಿಗೆಯೂ ಕಪ್ಪಾಯಿತು. ಇದು ಹಾರ್ಮೋನಿನ ಕೆಲಸ, ಹೆರಿಗೆಯಾದ ಮೇಲೆ ಬಹುಮಟ್ಟಿಗೆ ತಿಳಿಯಾಗುತ್ತದೆ ಎಂದು ಡಾಕ್ಟರು ಹೇಳಿದ್ದರಂತೆ. ಅವಳು ಅದರ ಮೇಲೆ ಪೌಡರನ್ನೂ ಬಳಿದುಕೊಳ್ಳಲಿಲ್ಲ. ಯಾರಾದರೂ ದಿಟ್ಟಿಸಿದರೆ ಹೊಟ್ಟೆ ತಟ್ಟಿಕೊಂಡು, "ಒಳಗಿರೋದು ಪೇಂಟ್ ಹೊಡೀತೈತೆ ಕಣ್ಣು," ಎನ್ನುತ್ತಿದ್ದಳು; ತಮಿಳರಂತೆ ಎಲ್ಲರನ್ನೂ ಅಕ್ಕರೆಯಿಂದ ಅವಳು ಕರೆಯುತ್ತಿದ್ದುದು 'ಕಣ್ಣು' ಎಂದೇ.

ಒಂದು ದಿನ ನಾನು ಹುಬ್ಬು ತಿದ್ದಿಸಲು ಕೂತಿದ್ದಾಗ ಮದುವೆ ಗೊತ್ತಾಗಿದ್ದ ಹುಡುಗಿಯೊಬ್ಬಳು ತಾಯಿಯ ಜೊತೆ ಬಂದಳು. ತಾಯಿ ಅಕ್ಕನನ್ನು ನೋಡಿ ಮೂಗು ಮುರಿದಳು. "ನಿನ್ ಮೊಖಾನೇ ಇಂಗೈತೆ, ನನ್ ಮಗಳ್ನ ಏನ್ ಬೆಳ್ಳಗೆ ಮಾಡ್ತೀಯಾ?"

"ಒಳಗಿರೋದು ಪೇಂಟ್ ಹೊಡೀತೈತೆ ಅಮ್ಮಾ."

ಅಷ್ಟರಲ್ಲಿ ಫೋನ್ ಬಂದು ತಾಯಿ ಹೊರಗೆ ಹೋದಳು. ಹುಡುಗಿ ದುಪಟ್ಟಾ ಸರಿಸಿ, ಕಪ್ಪಾಗತೊಡಗಿದ್ದ ತನ್ನ ಕುತ್ತಿಗೆ ತೋರಿಸಿದಳು.

"ಅಕ್ಕಾ, ನಾನೂ ಬಸ್ರಿ. ಮದ್ವೆ ಹುಡುಗಂಗೆ ಗೊತ್ತು, ಅಮ್ಮಂಗೆ ಗೊತ್ತಿಲ್ಲ," ಎಂದು ಪಿಸುಗುಟ್ಟಿದಳು.

ಅಕ್ಕ ನಗಲಿಲ್ಲ. ಬ್ಲೀಚ್ ಡಬ್ಬಿಯನ್ನು ದೂರ ತಳ್ಳಿ, "ಇದೆಲ್ಲಾ ಬೇಡ. ಮೊದ್ಲು ಡಾಕ್ಟರ್ ಹತ್ರ ಓಗು ಕಣ್ಣು. ಮದ್ವೆ ದಿನ ನಾನೇ ಬಂದು ಮೇಕಪ್ ಹಾಕ್ತೀನಿ," ಎಂದಳು.

ಒಳಗೆ ಬಂದ ತಾಯಿಯ ಕಣ್ಣು ಸೀದಾ ಮಗಳ ಕುತ್ತಿಗೆಯ ಮೇಲೆ ಬಿತ್ತು. "ಇದೇನೇ, ಇಷ್ಟು ಕಪ್ಪು?"

"ಎಲ್ಲಾ ಬಿಸ್ಲು ಅಮ್ಮಾ," ಎಂದಳು ಅಕ್ಕ, ಮುಖದ ಗೆರೆಯೂ ಅಲುಗದಂತೆ. "ಅಳಿಯ ಆಗೋ ಮಾಪಿಳ್ಳೆ ಜೊತೆ ಸ್ಕೂಟಿಲಿ ಸುತ್ತಾಡಕ್ಕೆ ಬಿಟ್ಟಿದ್ದು ನೀವೇ ತಾನೆ?"